ಎಂಟರ್ ಒತ್ತುವ ಮುಂಚೆ: ಟರ್ಮಿನಲ್ ಮತ್ತು ಎಐ ಚಾಟ್ ಹಿಡಿದು ಒಣದ್ರಾಕ್ಷಿ ಲೆಕ್ಕ

ವಿಜಯಪುರ ಜಿಲ್ಲೆಯ ತಿಕೋಟಾದಲ್ಲಿ ನಮ್ಮ ಕಾಕಾ ಒಣದ್ರಾಕ್ಷಿ ಮಾಡುತ್ತಾರೆ. ತಮ್ಮ ತೋಟದ ಹಣ್ಣಿನ ಜೊತೆ ಅಕ್ಕಪಕ್ಕದ ರೈತರ ಹಣ್ಣನ್ನೂ ತಮ್ಮ ಶೆಡ್‌ನಲ್ಲಿ ಒಣಗಿಸಿ ಕೊಡುತ್ತಾರೆ. ಯಾರ ಹಣ್ಣು ಎಷ್ಟು ಕೆಜಿ ಬಂತು, ಅದರಿಂದ ಎಷ್ಟು ಒಣದ್ರಾಕ್ಷಿ ಆಯಿತು ಎಂಬುದನ್ನೆಲ್ಲ ಅವರ ಮಗಳು, ನನ್ನ ತಂಗಿ, ಎಕ್ಸೆಲ್‌ನಲ್ಲಿ ಬರೆದಿಡುತ್ತಾಳೆ. ಸೀಸನ್ ಮುಗಿದ ಮೇಲೆ ಆ ಫೈಲು ಬೆಳಗಾವಿಯಲ್ಲಿರುವ ನನಗೆ ಬರುತ್ತದೆ. ರೈತರ ಹೆಸರಿನ ಪ್ರಕಾರ ಒಟ್ಟು ಮಾಡಿ ಕಳಿಸುವುದು ನನ್ನ ಕೆಲಸ.

ಈ ಸಲ ಅದನ್ನು ಕೋಡ್ ಎಡಿಟರ್ ಒಳಗಿನ ಟರ್ಮಿನಲ್ (ಆಜ್ಞೆ ಟೈಪ್ ಮಾಡಿ ಕೆಲಸ ಮಾಡಿಸುವ ಕಿಟಕಿ) ಮತ್ತು ಎಐ ಚಾಟ್ ಬಳಸಿ ಮಾಡಿದೆ. ಅದೇ ಕೆಲಸವನ್ನು ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತೇನೆ. ನೀವು ಡಿಪ್ಲೊಮಾ, ಬಿಸಿಎ ಅಥವಾ ಎಂಜಿನಿಯರಿಂಗ್ ಓದುತ್ತಿದ್ದರೆ, ಇಲ್ಲವೇ ಅಂಗಡಿಯ ಲೆಕ್ಕ ನೋಡುತ್ತಿದ್ದರೆ, ನಿಮ್ಮದೇ ಒಂದು ಫೈಲು ತೆಗೆದುಕೊಂಡು ಜೊತೆಗೆ ಮಾಡುತ್ತಾ ಹೋಗಿ. ಸುಮ್ನೆ ಓದಿದರೆ ಇದು ಕೈಗೆ ಹತ್ತುವುದಿಲ್ಲ.

ಒಂದು ಸೂಚನೆ. ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಬೇಕಾಗುವ ಸಾಮಾನು

ಎಡಿಟರ್ ಆಗಿ ವಿಎಸ್ ಕೋಡ್ ಸಾಕು. ಮೈಕ್ರೋಸಾಫ್ಟ್ ಇದನ್ನು 2015ರಲ್ಲಿ ತಂದಿತು, ದುಡ್ಡು ಕೊಡಬೇಕಿಲ್ಲ. ಚಾಟ್ ಸಹಾಯಕ ಯಾವುದಾದರೂ ನಡೆಯುತ್ತದೆ. ಕೋಪೈಲಟ್, ಕ್ಲಾಡ್, ಜೆಮಿನೈ ಮೂರೂ ಈ ಎಡಿಟರ್ ಒಳಗೆ ಕೂರುತ್ತವೆ.

ವಿಂಡೋಸ್ ಇದ್ದವರು ಡಬ್ಲ್ಯುಎಸ್‌ಎಲ್ ಹಾಕಿಕೊಳ್ಳಿ. ವಿಂಡೋಸ್ ಒಳಗೇ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆ ಓಡಿಸುವ ದಾರಿ ಅದು. ಪವರ್‌ಶೆಲ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು "ಡಬ್ಲ್ಯುಎಸ್‌ಎಲ್ --ಇನ್‌ಸ್ಟಾಲ್" ಎಂದು ಕೊಡಿ, ಮುಗಿದ ಮೇಲೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಡೌನ್‌ಲೋಡ್ ದೊಡ್ಡದು, ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡವರು ಡೇಟಾ ನೋಡಿಕೊಂಡು ಶುರು ಮಾಡಿ. ಉಬುಂಟು ಮೊದಲ ಸಲ ಪಾಸ್‌ವರ್ಡ್ ಕೇಳುವಾಗ ನೀವು ಟೈಪ್ ಮಾಡಿದ್ದು ಪರದೆಯ ಮೇಲೆ ಕಾಣುವುದಿಲ್ಲ. ಕೀಬೋರ್ಡ್ ಕೆಟ್ಟಿದೆ ಎಂದು ಅನೇಕರು ಇಲ್ಲೇ ನಿಲ್ಲಿಸಿಬಿಡುತ್ತಾರೆ. ಕೆಟ್ಟಿಲ್ಲ, ಟೈಪ್ ಮಾಡಿ ಎಂಟರ್ ಒತ್ತಿ.

ಈಗ ಒಂದು ಹೊಸ ಫೋಲ್ಡರ್ ಮಾಡಿ ಎಡಿಟರ್‌ನಲ್ಲಿ ತೆರೆಯಿರಿ. ಕಂಟ್ರೋಲ್ ಹಿಡಿದು 1ರ ಎಡಗಡೆ ಇರುವ ಕೀ ಒತ್ತಿದರೆ ಕೆಳಗೆ ಟರ್ಮಿನಲ್ ಬರುತ್ತದೆ. ಕಂಟ್ರೋಲ್, ಆಲ್ಟ್, ಐ ಮೂರನ್ನೂ ಒತ್ತಿದರೆ ಕೋಪೈಲಟ್ ಚಾಟ್ ತೆರೆಯುತ್ತದೆ. ಬೇರೆ ಸಹಾಯಕಗಳಿಗೆ ಪಕ್ಕದ ಪಟ್ಟಿಯಲ್ಲಿ ಅವುಗಳದೇ ಗುರುತು ಇರುತ್ತದೆ. ಫೈಲು, ಟರ್ಮಿನಲ್, ಚಾಟ್ ಮೂರೂ ಒಂದೇ ಪರದೆಯಲ್ಲಿ ಇರುವುದೇ ಇದರ ದೊಡ್ಡ ಅನುಕೂಲ.

ಚಾಟ್ ಮುಟ್ಟುವ ಮೊದಲು ಫೈಲಿನ ಪರಿಚಯ

ಎಕ್ಸೆಲ್ ಫೈಲನ್ನು ಸಿಎಸ್‌ವಿ ಮಾಡಿ ಉಳಿಸಬೇಕು. ಕಾಲಂಗಳ ನಡುವೆ ಅಲ್ಪವಿರಾಮ ಇಟ್ಟು ಬರೆದ ಸಾದಾ ಪಠ್ಯದ ಫೈಲು ಅದು. ಸೇವ್ ಆ್ಯಸ್ ಪಟ್ಟಿಯಲ್ಲಿ ಎರಡು ಮೂರು ಬಗೆಯ ಸಿಎಸ್‌ವಿ ಕಾಣುತ್ತವೆ. "ಸಿಎಸ್‌ವಿ ಯುಟಿಎಫ್-8" ಎಂದಿರುವುದನ್ನೇ ಆರಿಸಿ. ಬರೀ ಸಿಎಸ್‌ವಿ ಆರಿಸಿದರೆ ಕನ್ನಡ ಹೆಸರುಗಳೆಲ್ಲ ಪ್ರಶ್ನೆಚಿಹ್ನೆಗಳಾಗುತ್ತವೆ, ಆ ಫೈಲಿನಿಂದ ಹೆಸರು ಮರಳಿ ತೆಗೆಯಲು ಆಗುವುದಿಲ್ಲ. ಫೈಲಿಗೆ ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಹೆಸರಿಡಿ. ನಾನು "ಲೆಕ್ಕ.ಸಿಎಸ್‌ವಿ" ಎಂದಿಟ್ಟೆ.

ಆಮೇಲೆ ಟರ್ಮಿನಲ್‌ನಲ್ಲಿ ನಾಲ್ಕು ಆಜ್ಞೆ. "ಪಿಡಬ್ಲ್ಯುಡಿ" ನೀವು ಯಾವ ಫೋಲ್ಡರ್‌ನಲ್ಲಿ ಇದ್ದೀರಿ ಎಂದು ಹೇಳುತ್ತದೆ. "ಎಲ್‌ಎಸ್" ಅಲ್ಲಿ ಏನೇನಿದೆ ಎಂದು ತೋರಿಸುತ್ತದೆ. "ಹೆಡ್ -ಎನ್ 5 ಲೆಕ್ಕ.ಸಿಎಸ್‌ವಿ" ಮೊದಲ ಐದು ಸಾಲು ಕೊಡುತ್ತದೆ. "ಡಬ್ಲ್ಯುಸಿ -ಎಲ್ ಲೆಕ್ಕ.ಸಿಎಸ್‌ವಿ" ಸಾಲುಗಳನ್ನು ಎಣಿಸುತ್ತದೆ. ನನಗೆ 413 ಬಂತು. ಅದರಲ್ಲಿ ಒಂದು ತಲೆಸಾಲು, ಉಳಿದ 412 ತಂಗಿ ಬರೆದ ನಮೂದು. ಆಕೆಗೆ ಫೋನ್ ಮಾಡಿ ಕೇಳಿದೆ, ಎಕ್ಸೆಲ್‌ನಲ್ಲೂ ಅಷ್ಟೇ ಇತ್ತು.

ಇನ್ನೊಂದು ಕೆಲಸ ಈಗಲೇ ಮಾಡಿ. ಯಾರಾದರೂ ಒಬ್ಬ ರೈತರನ್ನು ಆರಿಸಿ ಅವರ ಒಟ್ಟನ್ನು ಕ್ಯಾಲ್ಕ್ಯುಲೇಟರ್ ಹಿಡಿದು ಕೈಯಿಂದ ಮಾಡಿ, ಒಂದು ಚೀಟಿಯಲ್ಲಿ ಬರೆದಿಡಿ. ಐದು ನಿಮಿಷದ ಕೆಲಸ. ಮುಂದೆ ಚಾಟ್ ಏನೇ ಹೇಳಿದರೂ ಈ ಚೀಟಿಯೇ ನಿಮ್ಮ ತಕ್ಕಡಿ. ಚಾಟ್ ಕೊಟ್ಟ ಉತ್ತರವನ್ನು ಸರಿಯೇ ಎಂದು ಅದೇ ಚಾಟ್‌ಗೆ ಕೇಳಿದರೆ ಏನು ಬಂತು? ಹೊರಗಿನ ಒಂದು ಅಂಕಿ ನಿಮ್ಮ ಕೈಯಲ್ಲಿ ಇರಲೇಬೇಕು.

ಗಿಟ್

ಹೋದ ವರ್ಷ ಇದೇ ಕೆಲಸ ಮಾಡುವಾಗ ಫೈಲನ್ನು ಹೆಸರಿನ ಪ್ರಕಾರ ಜೋಡಿಸಲು ಚಾಟ್‌ಗೆ ಕೇಳಿದ್ದೆ. "ಸಾರ್ಟ್ ಲೆಕ್ಕ.ಸಿಎಸ್‌ವಿ > ಲೆಕ್ಕ.ಸಿಎಸ್‌ವಿ" ಎಂದು ಬಂತು. ನೋಡಲು ಸರಿ ಇದೆ ಅನಿಸುತ್ತದೆ, ಅಲ್ವಾ? ಓದಿ ಎಂಟರ್ ಒತ್ತಿದೆ. ಫೈಲು ಖಾಲಿಯಾಯಿತು. ಬಲಕ್ಕೆ ಬಾಗಿದ ಆ ಗುರುತು ಕಂಡ ಕೂಡಲೇ ಶೆಲ್ (ನಾವು ಕೊಟ್ಟ ಆಜ್ಞೆ ಓದಿ ಓಡಿಸುವ ಪ್ರೋಗ್ರಾಂ) ಮೊದಲು ಬಲಗಡೆಯ ಫೈಲನ್ನು ಬರಿದು ಮಾಡಿ ಇಡುತ್ತದೆ. ಆಮೇಲೆ ಸಾರ್ಟ್ ಶುರುವಾಗುತ್ತದೆ. ಅಷ್ಟರಲ್ಲಿ ಓದಲು ಏನೂ ಉಳಿದಿರುವುದಿಲ್ಲ. ತಂಗಿಯ ಹತ್ತಿರ ಎಕ್ಸೆಲ್ ಇದ್ದದ್ದರಿಂದ ಬಚಾವಾದೆ.

ಆವತ್ತಿನಿಂದ ನಾನು ಗಿಟ್ ಇಲ್ಲದೆ ಚಾಟ್ ತೆರೆಯುವುದಿಲ್ಲ. ಲಿನಸ್ ಟೋರ್ವಾಲ್ಡ್ಸ್ ಅವರು 2005ರಲ್ಲಿ ಲಿನಕ್ಸ್ ಕೆಲಸಕ್ಕೆಂದು ಮಾಡಿದ ಸಾಧನ ಇದು, ಫೈಲಿನ ಹಳೆಯ ರೂಪಗಳನ್ನು ಉಳಿಸಿಡುತ್ತದೆ. ನಮಗೆ ಬೇಕಾದದ್ದು ಅದರ ಸ್ವಲ್ಪ ಭಾಗ ಮಾತ್ರ. ಫೋಲ್ಡರ್‌ನಲ್ಲಿ ಒಮ್ಮೆ "ಗಿಟ್ ಇನಿಟ್". ನಂತರ "ಗಿಟ್ ಆ್ಯಡ್ ಲೆಕ್ಕ.ಸಿಎಸ್‌ವಿ". ನಂತರ "ಗಿಟ್ ಕಮಿಟ್ -ಎಂ" ಎಂದು ಕೊಟ್ಟು, ಜೋಡಿ ಉದ್ಧರಣ ಚಿಹ್ನೆಯೊಳಗೆ ಏನು ಮಾಡಿದಿರಿ ಎಂದು ಬರೆಯಿರಿ. ಕನ್ನಡದಲ್ಲೇ ಬರೆಯಬಹುದು. ಮೊದಲ ಸಲ ಅದು ನಿಮ್ಮ ಹೆಸರು, ಇಮೇಲ್ ಕೇಳುತ್ತದೆ. ಅವನ್ನು ಹೇಗೆ ಕೊಡುವುದೆಂದು ಅಲ್ಲೇ ತೋರಿಸುತ್ತದೆ. ಇಷ್ಟಾದ ಮೇಲೆ ಏನಾದರೂ ಕೆಟ್ಟರೆ "ಗಿಟ್ ಡಿಫ್" ಏನು ಬದಲಾಯಿತು ಎಂದು ಸಾಲು ಸಾಲಾಗಿ ತೋರಿಸುತ್ತದೆ, "ಗಿಟ್ ರಿಸ್ಟೋರ್ ಲೆಕ್ಕ.ಸಿಎಸ್‌ವಿ" ಹಳೆಯದನ್ನು ಮರಳಿ ತರುತ್ತದೆ. ಇದೆಲ್ಲ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಇರಲಿ. ರೈತರ ಹೆಸರಿರುವ ಫೈಲನ್ನು ಇಂಟರ್‌ನೆಟ್‌ಗೆ ಏರಿಸಬೇಡಿ.

ಈ ಮಾತು ಚಾಟ್‌ಗೂ ಅನ್ವಯಿಸುತ್ತದೆ. ಚಾಟ್‌ಗೆ ಅಂಟಿಸಿದ್ದೆಲ್ಲ ಆ ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಕಾಕಾ ಅವರ ಮೂಲ ಫೈಲಿನಲ್ಲಿ ರೈತರ ಫೋನ್ ನಂಬರ್, ಬ್ಯಾಂಕ್ ಖಾತೆ ಎರಡೂ ಇದ್ದವು. ಆ ಕಾಲಂಗಳನ್ನು ಎಕ್ಸೆಲ್‌ನಲ್ಲೇ ತೆಗೆದು ಆಮೇಲೆ ಸಿಎಸ್‌ವಿ ಮಾಡಿದೆ. ಮೂಲ ಫೈಲನ್ನು ಈ ಫೋಲ್ಡರ್‌ನಲ್ಲಿ ಇಡಲೇ ಇಲ್ಲ. ಕಾಕಾ ಮೇಲೆ ನಂಬಿಕೆ ಇಟ್ಟು ಜನ ಕೊಟ್ಟ ವಿವರ ಅದು.

ಕೇಳುವ ಬಗೆ

"ಈ ಫೈಲಿನ ಒಟ್ಟು ಮಾಡಿ ಕೊಡು" ಎಂದರೆ ಏನೋ ಒಂದು ಬರುತ್ತದೆ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗನಿಗೆ ಹೇಳುವಷ್ಟು ಬಿಡಿಸಿ ಹೇಳಬೇಕು. ನಾನು ಹೀಗೆ ಬರೆದೆ:

"ಲೆಕ್ಕ.ಸಿಎಸ್‌ವಿ ಎಂಬ ಫೈಲಿದೆ. ಕಾಲಂಗಳು ಕ್ರಮವಾಗಿ ತಾರೀಖು, ಶೆಡ್, ರೈತರ ಹೆಸರು, ಹಣ್ಣಿನ ಕೆಜಿ, ಒಣದ್ರಾಕ್ಷಿ ಕೆಜಿ. ಮೊದಲ ಸಾಲು ತಲೆಸಾಲು. ರೈತರ ಪ್ರಕಾರ ಎರಡೂ ಕೆಜಿಗಳ ಒಟ್ಟು ಬೇಕು. ಉಬುಂಟುವಿನಲ್ಲಿ ಓಡುವ ಒಂದೇ ಆಜ್ಞೆ ಕೊಡು, ಆಕ್ ಬಳಸು. ಮೂಲ ಫೈಲನ್ನು ಬದಲಿಸಬೇಡ. ಆಜ್ಞೆಯ ಪ್ರತಿ ತುಂಡು ಏನು ಮಾಡುತ್ತದೆ ಎಂದು ಒಂದೊಂದು ಸಾಲಿನಲ್ಲಿ ವಿವರಿಸು."

ಕೆಳಗೆ ಮೊದಲ ಐದು ಸಾಲನ್ನು, ರೈತರ ಹೆಸರು ಬದಲಿಸಿ, ಅಂಟಿಸಿದೆ.

ಕನ್ನಡದಲ್ಲಿ ಕೇಳಬಹುದೇ ಎಂದು ಹಲವರು ಕೇಳುತ್ತಾರೆ. ಕೇಳಬಹುದು. ನಮ್ಮ ಕಡೆಯ "ಹೆಂಗ", "ಐತಿ" ಬಳಸಿಯೂ ನೋಡಿದ್ದೇನೆ, ಅರ್ಥ ಮಾಡಿಕೊಳ್ಳುತ್ತದೆ. ಆದರೆ "ಉದ್ರಿ", "ಬಾಕಿ" ತರಹದ ವ್ಯವಹಾರದ ಮಾತು ಬಂದಾಗ ಯಾರು ಯಾರಿಗೆ ಕೊಡಬೇಕು ಎಂದು ಬಿಡಿಸಿ ಬರೆಯಿರಿ. ಆಜ್ಞೆಗಳ ಹೆಸರನ್ನು ಅನುವಾದ ಮಾಡಬೇಡ ಎಂದೂ ಹೇಳಿ. ಇನ್ನೊಂದು ವಿಷಯ: ಈ ಸಹಾಯಕಗಳು ಪಠ್ಯವನ್ನು ಟೋಕನ್ ಎಂಬ ಚೂರುಗಳಾಗಿ ಒಡೆದು ಓದುತ್ತವೆ. ಅದೇ ಮಾತಿಗೆ ಇಂಗ್ಲಿಷ್‌ಗಿಂತ ಕನ್ನಡಕ್ಕೆ ಸಾಮಾನ್ಯವಾಗಿ ಜಾಸ್ತಿ ಚೂರು ಬೇಕು. ಹಾಗಾಗಿ ಉದ್ದದ ಮಾತುಕತೆಯಲ್ಲಿ ಮೊದಲು ಹೇಳಿದ್ದು ಬೇಗ ಜಾರಿ ಹೋಗುತ್ತದೆ. ಒಂದು ಕೆಲಸ ಮುಗಿದ ಕೂಡಲೇ ಹೊಸ ಚಾಟ್ ತೆರೆಯುವುದು ಒಳ್ಳೆಯದು.

ಬಂದ ಆಜ್ಞೆಯನ್ನು ಓದುವುದು

ಚಾಟ್ ಕೊಟ್ಟಿದ್ದು ಆಕ್ ಎಂಬ ಸಾಧನದ ಒಂದು ಸಾಲು. 1977ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಅಹೋ, ವೈನ್‌ಬರ್ಗರ್, ಕರ್ನಿಹಾನ್ ಎಂಬ ಮೂವರು ಇದನ್ನು ಮಾಡಿದರು. ಅವರ ಹೆಸರಿನ ಮೊದಲಕ್ಷರಗಳೇ ಸಾಧನದ ಹೆಸರು. ಸಾಲಿನಲ್ಲಿ "-ಎಫ್" ಮುಂದೆ ಒಂದು ಅಲ್ಪವಿರಾಮ ಇತ್ತು, ಇಲ್ಲಿ ಎಫ್, ಮುಂದೆ ಬರುವ ಎನ್‌ಆರ್, ಎಂಡ್ ಎಲ್ಲ ದೊಡ್ಡಕ್ಷರ. ಅಲ್ಪವಿರಾಮ ಕಂಡಲ್ಲೆಲ್ಲ ಕತ್ತರಿಸು ಎಂದು ಅದರ ಅರ್ಥ. "ಎನ್‌ಆರ್ > 1" ಎಂದರೆ ಮೊದಲ ಸಾಲು ಬಿಡು. ಡಾಲರ್ ಗುರುತಿನ ಮುಂದೆ 3 ಇದ್ದರೆ ಮೂರನೇ ಕಾಲಂ, 4 ಇದ್ದರೆ ನಾಲ್ಕನೆಯದು. ಕೊನೆಯ "ಎಂಡ್" ಭಾಗ ಎಲ್ಲ ಸಾಲು ಓದಿ ಮುಗಿದ ಮೇಲೆ ಒಟ್ಟನ್ನು ಬರೆಯುತ್ತದೆ.

ಇಷ್ಟು ಅರ್ಥವಾದರೆ ಸಾಕು. ಎಂಟರ್ ಒತ್ತುವ ಮುಂಚೆ ನಿಮ್ಮನ್ನೇ ಕೇಳಿಕೊಳ್ಳಿ: ಇದು ಯಾವ ಫೈಲು ಓದುತ್ತದೆ? ಎಲ್ಲಿಗೆ ಬರೆಯುತ್ತದೆ? ಏನಾದರೂ ಅಳಿಸುತ್ತದೆಯೇ? "ಆರ್‌ಎಂ" ಕಂಡರೆ ನಿಲ್ಲಿ, ಅದು ಅಳಿಸುತ್ತದೆ, ಅಳಿಸಿದ್ದು ರಿಸೈಕಲ್ ಬಿನ್‌ಗೂ ಹೋಗುವುದಿಲ್ಲ. "ಎಂವಿ" ಹೆಸರು ಬದಲಿಸುವಾಗ ಅದೇ ಹೆಸರಿನ ಇನ್ನೊಂದು ಫೈಲನ್ನು ನುಂಗಬಹುದು. "ಸೆಡ್ -ಐ" ಫೈಲನ್ನು ಇದ್ದಲ್ಲೇ ತಿದ್ದುತ್ತದೆ. "ಸುಡೋ" ಇದ್ದರೆ ಇಡೀ ಯಂತ್ರದ ಅಧಿಕಾರ ಕೊಟ್ಟಂತೆ. ಇಂಟರ್‌ನೆಟ್‌ನಿಂದ "ಕರ್ಲ್" ಮೂಲಕ ತಂದು ನೇರ "ಬ್ಯಾಷ್"ಗೆ ಸುರಿಯುವ ಸಾಲನ್ನು, ಯಾರು ಬರೆದದ್ದೆಂದು ಗೊತ್ತಿಲ್ಲದಿದ್ದರೆ, ಓಡಿಸಲೇಬೇಡಿ.

ಚಾಟ್ ಕೆಲವೊಮ್ಮೆ ಇಲ್ಲದ ಆಯ್ಕೆಗಳನ್ನೂ ಇದೆ ಎಂಬಂತೆ ಬರೆಯುತ್ತದೆ. ಅನುಮಾನ ಬಂದರೆ ಆ ಆಜ್ಞೆಯ ಮುಂದೆ "--ಹೆಲ್ಪ್" ಹಾಕಿ, ಇಲ್ಲವೇ "ಮ್ಯಾನ್ ಆಕ್" ಎಂದು ಕೊಟ್ಟು ಕೈಪಿಡಿ ನೋಡಿ. ಹೊರಬರಲು ಕ್ಯೂ ಒತ್ತಿ.

ಮೊದಲ ಸಲ ಪೂರ್ತಿ ಫೈಲಿನ ಮೇಲೆ ಓಡಿಸಬೇಡಿ. "ಹೆಡ್ -ಎನ್ 20 ಲೆಕ್ಕ.ಸಿಎಸ್‌ವಿ" ಎಂದು ಬರೆದು, ನೆಟ್ಟಗೆ ನಿಂತ ಗೆರೆ ಹಾಕಿ, ಅದರ ಮುಂದೆ ಆಕ್ ಸಾಲನ್ನು ಫೈಲಿನ ಹೆಸರಿಲ್ಲದೆ ಇಡಿ. ಆ ಗೆರೆಗೆ ಪೈಪ್ ಎನ್ನುತ್ತಾರೆ. ತೋಟದಲ್ಲಿ ಒಂದು ಪೈಪಿನ ತುದಿಗೆ ಇನ್ನೊಂದನ್ನು ಜೋಡಿಸಿದಂತೆ, ಒಂದರ ಫಲಿತಾಂಶ ಇನ್ನೊಂದಕ್ಕೆ ಹರಿಯುತ್ತದೆ. ಇಪ್ಪತ್ತು ಸಾಲಿನ ಒಟ್ಟನ್ನು ಕಣ್ಣಲ್ಲೇ ಹೋಲಿಸಿ ನೋಡಬಹುದು.

ಎರರ್ ಬಂದರೆ "ಬರ್ತಾ ಇಲ್ಲ" ಎಂದಷ್ಟೇ ಚಾಟ್‌ಗೆ ಬರೆಯಬೇಡಿ. ಕೊಟ್ಟ ಆಜ್ಞೆ, ಬಂದ ಎರರ್ ಎರಡನ್ನೂ ಪೂರ್ತಿ ನಕಲು ಮಾಡಿ ಹಾಕಿ. ಎಂಟರ್ ಒತ್ತಿದ ಮೇಲೆ ಬರೀ > ಗುರುತು ಬಂದು ಕೂತರೆ ಎಲ್ಲೋ ಉದ್ಧರಣ ಚಿಹ್ನೆ ಮುಚ್ಚಿಲ್ಲ ಎಂದು ತಿಳಿಯಿರಿ. ಕಂಟ್ರೋಲ್ ಸಿ ಒತ್ತಿದರೆ ಹೊರಬರುತ್ತೀರಿ.

ಕಾಕಾ ಹಿಡಿದ ತಪ್ಪು

ನನ್ನ ಆಜ್ಞೆ ಎರರ್ ಇಲ್ಲದೆ ಓಡಿತು. ಇಪ್ಪತ್ತು ಸಾಲಿನ ಪರೀಕ್ಷೆ ಪಾಸು. ಚೀಟಿಯಲ್ಲಿ ಬರೆದಿಟ್ಟ ರೈತರ ಒಟ್ಟೂ ಸರಿ ಬಂತು. ಖುಷಿಯಿಂದ ಪಟ್ಟಿಯನ್ನು ತಿಕೋಟಾಕ್ಕೆ ಕಳಿಸಿದೆ. ಅರ್ಧ ತಾಸಿಗೆ ಕಾಕಾ ಅವರ ಫೋನ್.

"ತಮ್ಮಾ, ನಾಕ ಕೆಜಿ ಹಣ್ಣಿಗೆ ಒಂದ ಕೆಜಿ ಒಣದ್ರಾಕ್ಷಿ ಬರ್ತೈತಿ. ನಿನ್ನ ಪಟ್ಟ್ಯಾಗ ಕೆಲವ್ರಿಗೆ ಎರಡ ಕೆಜಿಗೇ ಒಂದ ಬಂದೈತಲ್ಲೋ. ಹಂಗ ಬಂದಿದ್ರ ನಾವೆಲ್ಲಾ ಬಂಗ್ಲೆ ಕಟ್ತಿದ್ವಿ."

ಅವರು ಹೇಳಿದ್ದು ನಿಜ. ಹಣ್ಣಿನ ನೀರೆಲ್ಲ ಆರಿ ಹೋಗಿ ಸುಮಾರು ನಾಲ್ಕನೇ ಒಂದು ಪಾಲು ಉಳಿಯುತ್ತದೆ. ಇದು ಫೈಲಿನಲ್ಲಿ ಎಲ್ಲೂ ಬರೆದಿರಲಿಲ್ಲ. ನಾನೂ ಚಾಟ್‌ಗೆ ಹೇಳಿರಲಿಲ್ಲ.

ಹುಡುಕಿದಾಗ ಸಿಕ್ಕಿದ್ದು ಒಂದು ಸಣ್ಣ ಅಲ್ಪವಿರಾಮ. ಸಾವಿರ ದಾಟಿದ ಅಂಕಿಗಳನ್ನು ಎಕ್ಸೆಲ್ 1,250 ಎಂದು ತೋರಿಸುತ್ತಿತ್ತು. ಸಿಎಸ್‌ವಿ ಮಾಡುವಾಗ ಹೇಗೆ ಕಾಣುತ್ತದೋ ಹಾಗೇ, ಸುತ್ತ ಉದ್ಧರಣ ಚಿಹ್ನೆ ಹಾಕಿ ಬರೆಯಿತು. ಆಕ್‌ಗೆ ನಾವು ಹೇಳಿದ್ದು ಅಲ್ಪವಿರಾಮ ಕಂಡಲ್ಲಿ ಕತ್ತರಿಸು ಎಂದು. ಅದು 1,250ನ್ನೂ ಎರಡು ತುಂಡು ಮಾಡಿತು. ನಾಲ್ಕನೇ ಕಾಲಂನಲ್ಲಿ ಉದ್ಧರಣ ಚಿಹ್ನೆಯಿಂದ ಶುರುವಾಗುವ ತುಂಡು ಬಂತು, ಆಕ್ ಅದನ್ನು ಸೊನ್ನೆ ಎಂದು ಎಣಿಸಿತು. ಐದನೇ ಕಾಲಂಗೆ 250 ಬಂತು. ನಿಜವಾದ ಒಣದ್ರಾಕ್ಷಿಯ ಅಂಕಿ ಆರನೇ ಕಾಲಂಗೆ ಸರಿದು ಯಾರ ಕಣ್ಣಿಗೂ ಬೀಳಲಿಲ್ಲ.

ಒಬ್ಬ ರೈತರ ಎರಡು ಸಾಲು ತೆಗೆದುಕೊಳ್ಳಿ. 850 ಕೆಜಿ ಹಣ್ಣಿಗೆ 212 ಕೆಜಿ, 1,250 ಕೆಜಿ ಹಣ್ಣಿಗೆ 310 ಕೆಜಿ. ಸರಿಯಾದ ಒಟ್ಟು 2,100ಕ್ಕೆ 522, ಅಂದರೆ ನಾಲ್ಕಕ್ಕೆ ಒಂದು. ನನ್ನ ಆಜ್ಞೆ ಕೊಟ್ಟದ್ದು 850ಕ್ಕೆ 462. ಎರಡಕ್ಕೆ ಒಂದೂ ಆಗಲಿಲ್ಲ.

ಚಾಟ್ ಇದನ್ನು ಯಾಕೆ ನೋಡಲಿಲ್ಲ? ನಾನು ತೋರಿಸಿದ ಐದು ಸಾಲಿನಲ್ಲಿ ಸಾವಿರ ದಾಟಿದ ಅಂಕಿಯೇ ಇರಲಿಲ್ಲ. ಪರೀಕ್ಷಿಸಿದ ಇಪ್ಪತ್ತರಲ್ಲೂ ಇರಲಿಲ್ಲ, ಸೀಸನ್ ಶುರುವಿನಲ್ಲಿ ಸಣ್ಣ ಸಣ್ಣ ಲೋಡ್‌ಗಳೇ ಬರುತ್ತವೆ. ಚೀಟಿಗೆ ಆರಿಸಿದ ರೈತರೂ ಸಣ್ಣವರು. ಹಾಗಾಗಿ ಈಗ ನಾನು ಮಾದರಿಯಾಗಿ ಮೊದಲ ಸಾಲುಗಳನ್ನಷ್ಟೇ ಕೊಡುವುದಿಲ್ಲ. "ಶಫ್ -ಎನ್ 5" ಎಂದು ಎಲ್ಲೆಲ್ಲಿಂದಲೋ ಐದು ಸಾಲು ಎತ್ತುತ್ತೇನೆ. "ಗ್ರೆಪ್" ಬಳಸಿ ಉದ್ಧರಣ ಚಿಹ್ನೆ ಇರುವ ಸಾಲುಗಳನ್ನು ಹುಡುಕಿ ಅವನ್ನೂ ಸೇರಿಸುತ್ತೇನೆ. ಕೈಲೆಕ್ಕಕ್ಕೆ ಒಬ್ಬ ಸಣ್ಣ ರೈತ, ಒಬ್ಬ ದೊಡ್ಡ ರೈತ ಇಬ್ಬರನ್ನೂ ತೆಗೆದುಕೊಳ್ಳುತ್ತೇನೆ.

ಸರಿಪಡಿಸಲು ಸುಲಭದ ದಾರಿ ಎಕ್ಸೆಲ್‌ನಲ್ಲೇ ಇದೆ. ಫಾರ್ಮ್ಯಾಟ್ ಸೆಲ್ಸ್‌ಗೆ ಹೋಗಿ ಸಾವಿರದ ಅಲ್ಪವಿರಾಮದ ಟಿಕ್ ತೆಗೆದು ಮತ್ತೆ ಸಿಎಸ್‌ವಿ ಮಾಡಿ. ಅದು ಆಗದಿದ್ದರೆ ಪೈಥಾನ್‌ನ ಸಿಎಸ್‌ವಿ ಮಾಡ್ಯೂಲ್ ಬಳಸಿ ಬರೆದುಕೊಡು ಎಂದು ಚಾಟ್‌ಗೆ ಹೇಳಿ, ಉದ್ಧರಣ ಚಿಹ್ನೆಯ ಒಳಗಿನ ಅಲ್ಪವಿರಾಮ ಅದಕ್ಕೆ ಗೊತ್ತಾಗುತ್ತದೆ. ಅಂಕಿಯೊಳಗಿನ ಅಲ್ಪವಿರಾಮವನ್ನು ತೆಗೆದು ಕೂಡಿಸು ಎಂದು ಮಾತ್ರ ಬೇರೆಯಾಗಿ ಹೇಳಬೇಕು.

ಒಂದೇ ಹೆಸರು, ಮೂರು ರೈತರು

ಕನ್ನಡ ಫೈಲುಗಳಿಗೇ ಬರುವ ತೊಂದರೆ ಇದು. ಪಟ್ಟಿಯಲ್ಲಿ ಒಬ್ಬರೇ ಪಾಟೀಲರು ಮೂರು ಸಲ ಬಂದಿದ್ದರು. ಒಂದು ಕಡೆ "ಪಾಟೀಲ", ಇನ್ನೊಂದು ಕಡೆ "ಪಾಟೀಲ್". ಮೂರನೆಯದೂ "ಪಾಟೀಲ್", ಎರಡನೆಯದಕ್ಕೂ ಅದಕ್ಕೂ ಕಣ್ಣಿಗೆ ಏನೂ ವ್ಯತ್ಯಾಸವಿಲ್ಲ. ಕೊನೆಯ ಅರ್ಧಾಕ್ಷರದ ಮುಂದೆ ಕಾಣದ ಒಂದು ಗುರುತು ಕೂತಿತ್ತು. ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ಈ ಗುರುತನ್ನು ಕೆಲವು ಕೀಬೋರ್ಡ್‌ಗಳು ತಾವೇ ಹಾಕುತ್ತವೆ. ತಂಗಿ ಅರ್ಧ ಫೋನ್‌ನಲ್ಲಿ, ಅರ್ಧ ಲ್ಯಾಪ್‌ಟಾಪ್‌ನಲ್ಲಿ ಬರೆದಿದ್ದಳು.

ಹಿಡಿಯುವುದು ಹೀಗೆ. "ಕಟ್" ಬಳಸಿ ಹೆಸರಿನ ಕಾಲಂ ತೆಗೆಯಿರಿ, ಪೈಪ್ ಹಾಕಿ "ಸಾರ್ಟ್", ಮತ್ತೆ ಪೈಪ್ ಹಾಕಿ "ಯುನಿಕ್ -ಸಿ" (ಯುನಿಕ್ ಟೈಪ್ ಮಾಡುವಾಗ ಕೊನೆಯ ಅಕ್ಷರ ಕ್ಯೂ). ಯಾವ ಹೆಸರು ಎಷ್ಟು ಸಲ ಎಂಬ ಪಟ್ಟಿ ಬರುತ್ತದೆ. ಒಂದೇ ಹೆಸರು ಎರಡು ಸಲ ಕಂಡರೆ ಆ ಸಾಲನ್ನು "ಹೆಕ್ಸ್‌ಡಂಪ್ -ಸಿ"ಗೆ ಕೊಡಿ, ಇಲ್ಲಿ ಸಿ ದೊಡ್ಡಕ್ಷರ. ಬೈಟ್‌ಗಳ ನಡುವೆ ಇ2, 80, 8ಸಿ ಒಟ್ಟಿಗೆ ಇದ್ದರೆ ಅದೇ ಆ ಗುರುತು. ಅದನ್ನು ತೆಗೆದು ಬೇರೆ ಫೈಲಿಗೆ ಬರೆಯುವ ಆಜ್ಞೆ ಕೊಡು ಎಂದು ಚಾಟ್‌ಗೆ ಹೇಳಿದರೆ ಚೆನ್ನಾಗಿ ಮಾಡಿಕೊಡುತ್ತದೆ. ಇಂಥ ಕೆಲಸಕ್ಕೆ ಅದರಷ್ಟು ಒಳ್ಳೆಯ ಜೊತೆಗಾರ ಇಲ್ಲ. ಆದರೆ "ಪಾಟೀಲ" ಮತ್ತು "ಪಾಟೀಲ್" ಒಬ್ಬರೇನಾ ಎಂಬುದನ್ನು ಚಾಟ್‌ಗೆ ಬಿಡಬೇಡಿ. ನಾನು ತಂಗಿಯನ್ನೇ ಕೇಳಿದೆ.

ಅಕ್ಷರ ಎಣಿಸುವಾಗಲೂ ಜಾಗ್ರತೆ. "ದ್ರಾಕ್ಷಿ" ನಮಗೆ ಎರಡೇ ಅಕ್ಷರ. "ಡಬ್ಲ್ಯುಸಿ -ಎಂ" ಅದನ್ನು 8 ಎನ್ನುತ್ತದೆ, ಏಕೆಂದರೆ ಒತ್ತು, ಇಳಿ, ಗುಡಿಸು ಎಲ್ಲ ಬೇರೆ ಬೇರೆ ಸಂಕೇತ. "ಡಬ್ಲ್ಯುಸಿ -ಸಿ" 24 ಎನ್ನುತ್ತದೆ, ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಬೈಟ್ ಬೇಕು. ಹೆಸರಿನ ಮೊದಲ ಹತ್ತು ಅಕ್ಷರ ಕತ್ತರಿಸು ಎಂದು ಆಜ್ಞೆ ಕೊಟ್ಟರೆ ಅರ್ಧ ಅಕ್ಷರ ನೇತಾಡುವುದು ಇದರಿಂದಲೇ. ಯಾರಾದರೂ ಕೆಜಿಯನ್ನು ೮೫೦ ಎಂದು ಕನ್ನಡ ಅಂಕಿಯಲ್ಲಿ ಬರೆದಿದ್ದರೆ ಆಕ್ ಅದನ್ನೂ ಸೊನ್ನೆ ಎನ್ನುತ್ತದೆ, ಎರರ್ ಕೊಡುವುದಿಲ್ಲ.

ವಿಂಡೋಸ್‌ನಿಂದ ಬಂದ ಫೈಲಿನ ಪ್ರತಿ ಸಾಲಿನ ಕೊನೆಗೂ ಒಂದು ಕಾಣದ ಗುರುತು ಇರುತ್ತದೆ. "ಡಾಸ್‌ಟುಯುನಿಕ್ಸ್" ಅದನ್ನು ತೆಗೆಯುತ್ತದೆ. ಟೈಪ್ ಮಾಡುವಾಗ ನಡುವಿನ ಟು ಜಾಗದಲ್ಲಿ ಅಂಕಿ 2 ಇಡಬೇಕು.

ಏಜೆಂಟ್ ಮೋಡ್

ಈಗಿನ ಸಹಾಯಕಗಳಲ್ಲಿ ಏಜೆಂಟ್ ಎಂಬ ಬಗೆ ಇದೆ. ಅದು ತಾನೇ ಫೈಲು ತೆರೆಯುತ್ತದೆ, ತಾನೇ ಟರ್ಮಿನಲ್‌ನಲ್ಲಿ ಆಜ್ಞೆ ಓಡಿಸುತ್ತದೆ, ಎರರ್ ಬಂದರೆ ತಾನೇ ತಿದ್ದುತ್ತದೆ. ಓಡಿಸುವ ಮುಂಚೆ ಒಪ್ಪಿಗೆ ಕೇಳುವಂತೆ ಇಡಬಹುದು, ಕೇಳದೆ ಓಡಿಸು ಎಂದೂ ಇಡಬಹುದು. ಕೇಳುವಂತೆಯೇ ಇಡಿ. ಹತ್ತು ಸಲ ಒಪ್ಪಿಗೆ ಒತ್ತಿದ ಮೇಲೆ ಹನ್ನೊಂದನೆಯದನ್ನು ಓದದೆ ಒತ್ತುವ ಅಭ್ಯಾಸ ಎಲ್ಲರಿಗೂ ಬರುತ್ತದೆ, ಅಲ್ಲಿಯೇ ನಿಧಾನಿಸಿ. ಹೊಸಬರು ಒಂದು ತಿಂಗಳಾದರೂ ಬರೀ ಪ್ರಶ್ನೆ ಕೇಳಿ ಉತ್ತರ ಪಡೆಯುವ ಚಾಟ್ ಮೋಡ್‌ನಲ್ಲಿ ಕೆಲಸ ಮಾಡಿ ಆಮೇಲೆ ಇದಕ್ಕೆ ಬರುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಮುಂದಿನ ಸೀಸನ್‌ಗೆ ಉಳಿಸಿಡುವುದು

ಸರಿ ಬಂದ ಆಜ್ಞೆಗಳನ್ನು "ಒಟ್ಟು.ಎಸ್‌ಎಚ್" ಎಂಬ ಫೈಲಿನಲ್ಲಿ ಬರೆದಿಟ್ಟೆ. ಪ್ರತಿ ಸಾಲಿನ ಮೇಲೆ ಹ್ಯಾಶ್ ಗುರುತು ಹಾಕಿ ಅದು ಏನು ಮಾಡುತ್ತದೆ ಎಂದು ಕನ್ನಡದಲ್ಲಿ ಬರೆದೆ, ತಂಗಿಗೂ ಓದಲು ಬರಲಿ ಎಂದು. ಗಿಟ್‌ನಲ್ಲಿ ಕಮಿಟ್ ಮಾಡಿದೆ. ಈಗ ಆಕೆ "ಬ್ಯಾಷ್ ಒಟ್ಟು.ಎಸ್‌ಎಚ್" ಎಂದು ಕೊಟ್ಟರೆ ಪಟ್ಟಿ ಬರುತ್ತದೆ.

ಅದಕ್ಕೆ ಒಂದು ಹೊಸ ಭಾಗ ಸೇರಿಸಿದೆ. ಪ್ರತಿ ಸಾಲಿನಲ್ಲಿ ಹಣ್ಣಿನ ಕೆಜಿಯನ್ನು ಒಣದ್ರಾಕ್ಷಿ ಕೆಜಿಯಿಂದ ಭಾಗಿಸಿ, ಉತ್ತರ ಮೂರೂವರೆಗಿಂತ ಕಡಿಮೆ ಅಥವಾ ನಾಲ್ಕೂವರೆಗಿಂತ ಜಾಸ್ತಿ ಇದ್ದರೆ ಆ ಸಾಲನ್ನು ಬೇರೆ ತೋರಿಸು ಎಂದು ಚಾಟ್‌ಗೆ ಹೇಳಿ ಬರೆಸಿದೆ. ಕಾಕಾ ಅವರ ಲೆಕ್ಕವೇ ಅದು. ಮೊದಲ ಸಲ ಓಡಿಸಿದಾಗ ಒಂದೇ ಸಾಲು ಹೊರಬಂತು: 580 ಕೆಜಿ ಹಣ್ಣು, 212 ಕೆಜಿ ಒಣದ್ರಾಕ್ಷಿ. ತಂಗಿ ತೂಕದ ಚೀಟಿಗಳ ಕಟ್ಟು ಬಿಚ್ಚಿ ನೋಡಿದಳು. ಚೀಟಿಯಲ್ಲಿ 850 ಇತ್ತು.